ವರ್ಕ್‌ಶಾಪಿನಿಂದ ಬಂದ ವಾರ್ಡ್‌ರೋಬ್ ಗೋಡೆ ನಡುವೆ ಕೂರಲಿಲ್ಲ, ಅಳತೆ ಯಾರದು?

ಪ್ರಶ್ನೆ: ನಾನು ಧಾರವಾಡದವಳು, ಮದುವೆಯಾಗಿ ಮುಂಬೈ ಪಕ್ಕದ ಠಾಣೆ ಊರಿಗೆ ಬಂದೆ. ಇಂಟೀರಿಯರ್ ಡಿಸೈನ್ ಓದಿ ಈಗ ಸ್ವಂತವಾಗಿ ಕೆಲಸ ಹಿಡಿಯುತ್ತಿದ್ದೇನೆ. ಇಷ್ಟು ದಿನ ಬಡಗಿಗಳನ್ನು ಸೈಟಿಗೇ ಕರೆಸಿ ಮಾಡಿಸುತ್ತಿದ್ದೆ. ಘೋಡ್‌ಬಂದರ್ ರೋಡಿನ ಒಂದು ಹೊಸ ಮನೆಗೆ ಮೊದಲ ಸಲ ಭಿವಂಡಿ ಕಡೆಯ ಫರ್ನಿಚರ್ ವರ್ಕ್‌ಶಾಪಿಗೆ ಕೊಟ್ಟೆ. ವಾರ್ಡ್‌ರೋಬ್ 10 ಮಿಲಿಮೀಟರ್ ಜಾಸ್ತಿಯಾಗಿ ಗೋಡೆಗಳ ನಡುವೆ ಕೂರಲೇ ಇಲ್ಲ. ‘ನಿಮ್ಮ ಡ್ರಾಯಿಂಗಿನಂತೆ ಮಾಡಿದ್ದೇವೆ’ ಅಂತಾರೆ ಅವರು. ಮತ್ತೆ ಸೈಟಿನ ಬಡಗಿಗಳಿಗೇ ಹೋಗಲಾ? ಮುಂದಿನ ಮನೆಗೆ ಇನ್ನೊಂದು ವರ್ಕ್‌ಶಾಪ್ 70% ಮುಂಗಡ ಕೇಳುತ್ತಿದೆ, ಕೊಡಬಹುದಾ? ಆ ಕ್ಲೈಂಟ್ ಕುಂದಾಪುರದ ತಮ್ಮ ಹಳೆ ಮನೆಯ ಸಾಗುವಾನಿ ಬಾಗಿಲುಗಳಿಂದ ಡೈನಿಂಗ್ ಟೇಬಲ್ ಮಾಡಿಕೊಡಿ ಅಂತಲೂ ಕೇಳಿದ್ದಾರೆ.

ಉತ್ತರ: ಮೊದಲು ಎದುರಿಗೆ ನಿಂತಿರುವ ವಾರ್ಡ್‌ರೋಬ್ ನೋಡೋಣ. 10 ಮಿಲಿಮೀಟರ್ ತಾನೇ, ಗೋಡೆ ಸ್ವಲ್ಪ ಕೆತ್ತಿಬಿಡೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಘೋಡ್‌ಬಂದರ್ ರೋಡ್ ಕಡೆಯ ಹೊಸ ಟವರ್‌ಗಳಲ್ಲಿ ಎಷ್ಟೋ ಕಡೆ ಒಳಗೋಡೆಗಳೂ ಕಾಂಕ್ರೀಟಿನವೇ. ಎಲ್ಲರೂ ಮೈವಾನ್ ಅಂತ ಕರೆಯುವ ಆ ಪದ್ಧತಿಯಲ್ಲಿ ಅಲ್ಯೂಮಿನಿಯಂ ಅಚ್ಚು ಕಟ್ಟಿ ಗೋಡೆ, ಸ್ಲ್ಯಾಬ್ ಎರಡನ್ನೂ ಒಟ್ಟಿಗೆ ಹಾಕುತ್ತಾರೆ. ಕಟ್ಟಡದ ಭಾರ ಹೊರುವುದು ಆ ಗೋಡೆಗಳೇ. ಅದಕ್ಕೆ ಉಳಿ ತಾಗಿಸುವ ಹಾಗಿಲ್ಲ.

ದಾರಿ ಬೇರೆ ಇದೆ. ನಿಮ್ಮ ವಾರ್ಡ್‌ರೋಬ್ ಒಂದೇ ಪೆಟ್ಟಿಗೆಯಲ್ಲ ಅಲ್ವಾ? ಎರಡೋ ಮೂರೋ ಬಾಕ್ಸ್ ಸೇರಿಸಿ ಮಾಡಿರುತ್ತಾರೆ. ತುದಿಯ ಒಂದು ಬಾಕ್ಸನ್ನು ಮಾತ್ರ ವಾಪಸ್ ಕಳಿಸಿ. ಅದರ ಎರಡು ಪಕ್ಕದ ಹಲಗೆಗಳು ಹಾಗೇ ಇರಲಿ. ತಳ, ಮೇಲಿನ ಹಲಗೆ, ಶೆಲ್ಫ್‌ಗಳು, ಹಿಂದಿನ ಪ್ಯಾನಲ್, ಶಟರ್ (ಬಾಗಿಲು) ಇಷ್ಟನ್ನೇ ಅಗಲದಲ್ಲಿ ಕತ್ತರಿಸಿ, ಅಂಚು ಮುಚ್ಚುವ ಎಡ್ಜ್ ಬ್ಯಾಂಡ್ ಪಟ್ಟಿಯನ್ನು ಮತ್ತೆ ಹಾಕಬೇಕು. ಆದರೆ 10 ಮಿಲಿಮೀಟರ್ ಕತ್ತರಿಸಬೇಡಿ, 40 ಕತ್ತರಿಸಿ. ಎರಡೂ ಗೋಡೆಯ ಬದಿ 15 ಮಿಲಿಮೀಟರ್ ಖಾಲಿ ಸಿಗುತ್ತದೆ. ಅದೇ ಲ್ಯಾಮಿನೇಟಿನ (ಮೈಕಾ ಅಂತಾರಲ್ಲ, ಅದು) ಫಿಲ್ಲರ್ ಪಟ್ಟಿಯನ್ನು, ಅಂದರೆ ಸಂದು ಮುಚ್ಚುವ ಪಟ್ಟಿಯನ್ನು, ಗೋಡೆಯ ಡೊಂಕಿಗೆ ತಕ್ಕಂತೆ ಉಜ್ಜಿ ಕೂರಿಸಿದರೆ ಸಂದು ಕಾಣುವುದಿಲ್ಲ. ಶಟರ್‌ಗಳೂ ಗೋಡೆಗೆ ತಾಗದೆ ಪೂರ್ತಿ ತೆರೆಯುತ್ತವೆ.

ಖರ್ಚು ಯಾರದು? ಅಳತೆ ತೆಗೆದು ಡ್ರಾಯಿಂಗಿನಲ್ಲಿ ಬರೆದದ್ದು ನೀವು, ಅವರು ಅದರಂತೆ ಮಾಡಿದ್ದಾರೆ. ಹಾಗಿದ್ದರೆ ಖರ್ಚು ನಿಮ್ಮದೇ. ಕ್ಲೈಂಟ್ ಮೇಲೆ ಹಾಕಬೇಡಿ. ಕೂಲಿ ಬಿಟ್ಟು ಮಾಲಿನ ದುಡ್ಡು ಮಾತ್ರ ತಗೊಳ್ಳಿ ಅಂತ ವರ್ಕ್‌ಶಾಪಿನವರನ್ನು ಕೇಳಿ ನೋಡಿ. ಗೋಡೆಯಿಂದ ಗೋಡೆಗೆ ಹೋಗುವ ಸಾಮಾನಿಗೆ ಫಿಲ್ಲರ್ ಇಲ್ಲದ ಡ್ರಾಯಿಂಗ್ ಬಂದಾಗ ಅವರೂ ಒಂದು ಮಾತು ಕೇಳಬೇಕಿತ್ತು. ಒಳ್ಳೆಯ ವರ್ಕ್‌ಶಾಪ್ ಕೇಳಿಯೇ ಕೇಳುತ್ತದೆ.

ಇಲ್ಲೇ ನಾನು ಹೇಳಬೇಕಾದ ಮುಖ್ಯ ವಿಷಯ ಇರುವುದು. ಸೈಟಿನ ಬಡಗಿ ಗೋಡೆ ನೋಡಿಕೊಂಡು ಕತ್ತರಿಸುತ್ತಾನೆ. ನಿಮ್ಮ ಡ್ರಾಯಿಂಗಿನಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ಅವನ ಕೈ ಅದನ್ನು ಸರಿಮಾಡಿಕೊಳ್ಳುತ್ತದೆ. ವರ್ಕ್‌ಶಾಪಿನಲ್ಲಿ ಪ್ಯಾನಲ್ ಸಾ, ಅಂದರೆ ಶೀಟು ಕತ್ತರಿಸುವ ಗರಗಸದ ಮೆಷಿನ್, ಮುಂದೆ ನಿಂತವನಿಗೆ ನಿಮ್ಮ ಗೋಡೆ ಕಾಣುವುದಿಲ್ಲ, ಕಾಗದ ಮಾತ್ರ ಕಾಣುತ್ತದೆ. ಅದಕ್ಕೇ ಕೆಲಸ ಹಿಡಿಯುವ ಮೊದಲ ದಿನವೇ ಕೊನೆಯ ಅಳತೆ ಯಾರು ತೆಗೆಯುತ್ತಾರೆ ಅಂತ ಬರೆದುಕೊಳ್ಳಿ. ನನ್ನ ಪ್ರಕಾರ ಕತ್ತರಿಸುವವರೇ ಅಳೆಯಬೇಕು, ಡಿಸೈನರ್ ಪಕ್ಕದಲ್ಲಿ ನಿಂತಿರಬೇಕು. ಅಳತೆಯ ಹಾಳೆಗೆ ಇಬ್ಬರೂ ಸಹಿ ಹಾಕಿ ಅಲ್ಲೇ ಫೋಟೋ ತೆಗೆದು ಗ್ರೂಪಿಗೆ ಹಾಕಿ. ಅಳೆಯಲು ಬರುವುದಕ್ಕೆ ಬೇರೆ ದುಡ್ಡು ಕೇಳಿದರೆ ಕೊಟ್ಟುಬಿಡಿ. ಅಲ್ಲಿಂದ ಮುಂದೆ ಅಳತೆಯ ಹೊಣೆ ಅವರದಾಗುತ್ತದೆ.

ಯಾವಾಗ ಅಳೆಯಬೇಕು ಅನ್ನುವುದೂ ಅಷ್ಟೇ ಮುಖ್ಯ. ಬಹಳ ಜನ ಬಿಲ್ಡರಿನಿಂದ ಮನೆ ಕೈಗೆ ಬಂದ ವಾರವೇ ಟೇಪು ಹಿಡಿದು ಹೋಗುತ್ತಾರೆ. ಅದು ಅಂದಾಜು ಹಾಕಲು ಸಾಕು, ಕತ್ತರಿಸಲು ಸಾಲದು. ಆಮೇಲೆ ಗೋಡೆಗೆ ಪಿಒಪಿ ಪನ್ನಿಂಗ್ (ಗೋಡೆ ಸಮ ಮಾಡುವ ಪ್ಲಾಸ್ಟರ್ ಲೇಪ) ಆಗುತ್ತದೆ, ಪುಟ್ಟಿ ಆಗುತ್ತದೆ. ಒಂದೊಂದು ಗೋಡೆಗೆ ಐದಾರು ಮಿಲಿಮೀಟರ್ ಏರಿದರೂ ಎರಡು ಗೋಡೆ ಸೇರಿ ಹತ್ತು ದಾಟುತ್ತದೆ. ನಿಮ್ಮ 10 ಮಿಲಿಮೀಟರ್ ಬಹುಶಃ ಇಲ್ಲೇ ಹೋಗಿದೆ. ಟೈಲ್ಸ್, ಪನ್ನಿಂಗ್, ಫಾಲ್ಸ್ ಸೀಲಿಂಗಿನ ಫ್ರೇಮ್ ಇವೆಲ್ಲ ಮುಗಿದ ಮೇಲೆ ತೆಗೆದದ್ದೇ ಕೊನೆಯ ಅಳತೆ.

ಅಳೆಯುವಾಗ ಅಗಲವನ್ನು ಕೆಳಗೆ, ನಡುವೆ, ಮೇಲೆ ಮೂರು ಕಡೆ ತೆಗೆಯಿರಿ. ಅದೂ ಹಿಂದಿನ ಗೋಡೆಯ ಹತ್ತಿರ ಒಂದು ಸಲ, ವಾರ್ಡ್‌ರೋಬಿನ ಮುಂಭಾಗ ಬರುವಲ್ಲಿ ಇನ್ನೊಂದು ಸಲ. ಆರರಲ್ಲಿ ಅತಿ ಚಿಕ್ಕದೇ ನಿಮ್ಮ ಅಳತೆ, ಅದರಿಂದ ಫಿಲ್ಲರ್ ಕಳೆಯಿರಿ. ಎತ್ತರಕ್ಕೆ ಲೇಸರ್ ಲೆವೆಲ್ ಇಟ್ಟು ಗೋಡೆ ಸುತ್ತ ಒಂದು ಗೆರೆ ಎಳೆದು, ಅದರಿಂದ ನೆಲಕ್ಕೂ ಮೇಲಕ್ಕೂ ಅಳೆಯಿರಿ. ಅಡುಗೆಮನೆಯ ನೆಲ ಎತ್ತ ವಾಲಿದೆ ಅಂತ ಆಗ ಗೊತ್ತಾಗುತ್ತದೆ. ಮೂಲೆಗೆ ಗುನಿಯಾ (ಬಡಗಿಯ ಮೂಲೆಮಟ್ಟ) ಹಿಡಿದು ನೋಡಿ, 90 ಡಿಗ್ರಿ ಇರುವ ಮೂಲೆ ಅಪರೂಪ. ಸ್ಕರ್ಟಿಂಗ್ ಎಷ್ಟು ಮುಂದೆ ಬಂದಿದೆ, ಬೀಮ್ ಎಲ್ಲಿ ಇಳಿದಿದೆ, ಎಸಿಯ ಡ್ರೈನ್ ಪೈಪ್, ಸ್ವಿಚ್‌ಬೋರ್ಡ್, ಬಾಗಿಲ ಚೌಕಟ್ಟು ಎಲ್ಲವೂ ಹಾಳೆಯಲ್ಲಿ ಇರಲಿ. ಅಡುಗೆಮನೆಯಲ್ಲಿ ಪೈಪಿನಲ್ಲಿ ಬರುವ ಮಹಾನಗರ್ ಗ್ಯಾಸಿನ ಮೀಟರ್ ಮತ್ತು ಪೈಪು ಎಲ್ಲಿವೆ ಅಂತ ಗುರುತಿಸಿ. ಅದನ್ನು ಗಾಳಿಯಾಡದಂತೆ ಕ್ಯಾಬಿನೆಟ್ ಒಳಗೆ ಮುಚ್ಚಬಾರದು, ಮೀಟರ್ ಮತ್ತು ವಾಲ್ವ್‌ಗೆ ಕೈ ಸುಲಭವಾಗಿ ಹೋಗಬೇಕು.

ಇನ್ನು ಸೈಟಿನ ಬಡಗಿಗಳಿಗೆ ವಾಪಸ್ ಹೋಗಬೇಕಾ ಅಂದರೆ, ಪೂರ್ತಿ ಬೇಡ. ಶಟರ್, ಕಿಚನ್ ಕ್ಯಾಬಿನೆಟ್, ವಾರ್ಡ್‌ರೋಬ್ ಬಾಕ್ಸ್ ಇವು ವರ್ಕ್‌ಶಾಪಿನವೇ ಚೆನ್ನ. ಅಲ್ಲಿ ಲ್ಯಾಮಿನೇಟನ್ನು ಪ್ರೆಸ್ಸಿನಲ್ಲಿ ಒತ್ತುತ್ತಾರೆ, ಇಡೀ ಶೀಟಿನ ಮೇಲೆ ಒಂದೇ ಸಮ ಒತ್ತಡ ಬೀಳುತ್ತದೆ. ಸೈಟಿನಲ್ಲಿ ಫೆವಿಕಾಲ್ ಹಚ್ಚಿ, ಮೇಲೆ ಭಾರ ಇಟ್ಟು ಬಿಡುತ್ತಾರೆ. ನಡುವೆ ಗಾಳಿ ಉಳಿದರೆ ಒಂದು ಮಳೆಗಾಲ ಕಳೆದ ಮೇಲೆ ಮೈಕಾ ಉಬ್ಬುತ್ತದೆ. ಎಡ್ಜ್ ಬ್ಯಾಂಡಿಂಗ್ ಅಂತೂ ಮೆಷಿನ್ನಿನದೇ ಬೇಕು. ಮುಂಬೈಯ ತೇವ ಮೊದಲು ನುಗ್ಗುವುದು ಪ್ಲೈನ ಅಂಚಿನಿಂದ. ಆದರೆ ಗೋಡೆಯ ಪ್ಯಾನಲಿಂಗ್, ಸೀಲಿಂಗಿಗೆ ತಾಗುವ ಲಾಫ್ಟ್ (ಅಟ್ಟದ ಕಪಾಟು), ಡೊಂಕು ಮೂಲೆಯ ಬೆಂಚು ಇಂಥವನ್ನು ಸೈಟಿನಲ್ಲೇ ಮಾಡಿಸಿ. ಇಲ್ಲೆಲ್ಲ ಗೋಡೆ ಹೇಳಿದಂತೆ ಮರ ಕೇಳಬೇಕು.

ವರ್ಕ್‌ಶಾಪ್ ಆರಿಸುವಾಗ ಶೋರೂಮ್ ನೋಡಬೇಡಿ, ಒಳಗಿನ ನೆಲ ನೋಡಿ. ಕೆಲಸದ ದಿನ ಹೋಗಿ. ಪ್ಲೈ ಶೀಟುಗಳನ್ನು ಮಲಗಿಸಿಟ್ಟಿದ್ದಾರಾ, ಗೋಡೆಗೆ ಒರಗಿಸಿದ್ದಾರಾ? ತಿಂಗಳುಗಟ್ಟಲೆ ಒರಗಿ ನಿಂತ ಶೀಟು ಬಾಗುತ್ತದೆ, ಅದರಿಂದ ಮಾಡಿದ ಶಟರೂ ಬಾಗುತ್ತದೆ. ಪಾಲಿಶ್ ಮಾಡುವ ಜಾಗ ಕತ್ತರಿಸುವ ಜಾಗದಿಂದ ಬೇರೆ ಇದೆಯಾ? ತಯಾರಾದ ಒಂದು ಡ್ರಾಯರ್ ಎಳೆದು ನೋಡಿ, ಅದರ ತಳ ಮುಟ್ಟಿ ನೋಡಿ. ಕಾಣದ ಭಾಗದಲ್ಲಿ ಕೈ ಹೇಗಿದೆ ಅನ್ನುವುದೇ ಆ ಜಾಗದ ಗುಣ. ಇನ್ನೊಂದು, ಕಾರೀಗರರ ಕೈಯಲ್ಲಿರುವ ಡ್ರಾಯಿಂಗ್ ನೋಡಿ. ಮೆಷಿನ್ ಪಕ್ಕದ ಗೋಡೆಗೆ ಹಳೆ ಪ್ರಿಂಟು, ಮೇಲೆ ಪೆನ್ಸಿಲಿನಲ್ಲಿ ತಿದ್ದಿದ ಅಂಕಿ, ಅದರ ಮೇಲೆ ಇನ್ನೊಂದು ಅಂಕಿ ಇದ್ದರೆ ನಿಮ್ಮ ಕೆಲಸಕ್ಕೂ ಅದೇ ಗತಿ. ನಿಮ್ಮ ಪ್ರತಿ ಹಾಳೆಯ ಮೇಲೆ ಪರಿಷ್ಕರಣೆಯ ಸಂಖ್ಯೆ ಮತ್ತು ತಾರೀಖು ಹಾಕಿ. ಹೊಸ ಹಾಳೆ ಕೊಟ್ಟ ದಿನ ಹಳೆಯದನ್ನು ಹರಿದುಹಾಕಿಸಿ.

ಡ್ರಾಯಿಂಗ್ ವಿಷಯಕ್ಕೆ ಬಂದರೆ, ನೀವು ಕೊಡುವುದು ಡಿಸೈನ್, ಅವರು ಮಾಡಬೇಕಾದದ್ದು ಶಾಪ್ ಡ್ರಾಯಿಂಗ್. ಪ್ಲೈನ ದಪ್ಪ, ಲ್ಯಾಮಿನೇಟಿನ ದಪ್ಪ, ಹಿಂಜ್ ಕೂರುವ ಜಾಗ, ಡ್ರಾಯರ್ ಜಾರುವ ಚಾನಲಿನ ಸಂದು ಎಲ್ಲ ಅದರಲ್ಲಿ ಇರುತ್ತದೆ. ಅದನ್ನು ಕೂತು ಓದಿ ಸಹಿ ಹಾಕುವ ತನಕ ಒಂದು ಶೀಟೂ ಕತ್ತರಿಸಬಾರದು. ಅಳತೆ ಎಲ್ಲ ಮಿಲಿಮೀಟರಿನಲ್ಲೇ ಇರಲಿ. ಕಾರೀಗರರು ಇಂಚು ಮತ್ತು ಸೂತಿನಲ್ಲಿ ಮಾತಾಡುತ್ತಾರೆ, ಒಂದು ಸೂತು ಅಂದರೆ ಇಂಚಿನ ಎಂಟನೇ ಒಂದು ಭಾಗ, ಮೂರು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಬಾಯಲ್ಲಿ ‘ಎರಡು ಸೂತು ಕಮ್ಮಿ ಮಾಡು’ ಅಂದದ್ದು ಹಾಳೆಗೆ ಬರದಿದ್ದರೆ ಆಮೇಲೆ ಜಗಳವೇ.

ನಿಮ್ಮ ಡಿಸೈನೇ ದುಡ್ಡು ಉಳಿಸುವ ಒಂದು ಜಾಗ ತೋರಿಸುತ್ತೇನೆ. ಪ್ಲೈ ಶೀಟು 8 ಅಡಿ ಉದ್ದ, 4 ಅಡಿ ಅಗಲ, ಅಂದರೆ 2440 ಮತ್ತು 1220 ಮಿಲಿಮೀಟರ್. ವಾರ್ಡ್‌ರೋಬಿನ ಪಕ್ಕದ ಹಲಗೆ 24 ಇಂಚು ಆಳ ಅಂತ ಬರೆಯುವುದು ನಮ್ಮಲ್ಲಿ ರೂಢಿ. 24 ಇಂಚು ಅಂದರೆ 609.6 ಮಿಲಿಮೀಟರ್. ಎರಡು ಹಲಗೆಗೆ 1219 ದಾಟಿತು. ಗರಗಸದ ಬ್ಲೇಡೇ ಪ್ರತಿ ಕಟ್ಟಿಗೆ ಮೂರು ನಾಲ್ಕು ಮಿಲಿಮೀಟರ್ ತಿನ್ನುತ್ತದೆ, ಮೇಲಾಗಿ ಶೀಟಿನ ಅಂಚನ್ನೂ ನೇರ ಮಾಡಿಕೊಳ್ಳಬೇಕು. ಹಾಗಾಗಿ ಒಂದು ಶೀಟಿನಲ್ಲಿ ಎರಡು ಬರುವ ಕಡೆ ಒಂದೇ ಹಲಗೆ ಬರುತ್ತದೆ, ಹೆಚ್ಚುಕಡಿಮೆ ಅರ್ಧ ಶೀಟು ಚೂರಾಗಿ ಉಳಿಯುತ್ತದೆ. 600 ಅಂತ ಬರೆದರೆ ಎರಡೂ ಆರಾಮಾಗಿ ಬರುತ್ತವೆ, ಹ್ಯಾಂಗರ್‌ಗೂ ಆ ಆಳ ಸಾಕು. ಇಂಥದ್ದು ವರ್ಕ್‌ಶಾಪಿನವರಿಗೆ ಬೆರಳ ತುದಿಯಲ್ಲಿರುತ್ತದೆ. ಡಿಸೈನ್ ಪೂರ್ತಿ ಮುಗಿಸಿ, ಕ್ಲೈಂಟಿಗೆ ಒಪ್ಪಿಸಿ, ಆಮೇಲೆ ಅವರ ಹತ್ತಿರ ಹೋದರೆ ಹೇಳಲು ಅವರಿಗೂ ಜಾಗವಿರುವುದಿಲ್ಲ. ಮೊದಲ ಸ್ಕೆಚ್ ಆದಾಗಲೇ ಒಂದು ಗಂಟೆ ಅವರ ಜೊತೆ ಕೂರಿ.

ಎತ್ತರದ ಶಟರ್ ಬಗ್ಗೆಯೂ ಆಗಲೇ ಕೇಳಿ. ನೆಲದಿಂದ ಸೀಲಿಂಗಿನ ತನಕ ಒಂದೇ ಶಟರ್ ನೋಡಲು ಚೆಂದ. ಆದರೆ 7 ಅಡಿ ದಾಟಿದ ಪ್ಲೈ ಶಟರ್ ಬಾಗುವುದು ಹೆಚ್ಚು. ಬ್ಲಾಕ್‌ಬೋರ್ಡ್ (ಒಳಗೆ ಮರದ ಪಟ್ಟಿಗಳನ್ನು ಜೋಡಿಸಿದ ಬೋರ್ಡ್) ಬಳಸಬೇಕು, ಅಥವಾ ಹಿಂದೆ ಶಟರ್ ನೇರ ಮಾಡುವ ಲೋಹದ ಪಟ್ಟಿ ಕೂರಿಸಬೇಕು. ಒಳಗೂ ಹೊರಗೂ ಲ್ಯಾಮಿನೇಟ್ ಹಾಕಿಸಬೇಕು. ಒಂದೇ ಬದಿಗೆ ಹಾಕಿದರೆ ಖಂಡಿತ ಬಾಗುತ್ತದೆ.

ಮಾಲಿನ ವಿಷಯ ಚುಟುಕಾಗಿ. ಅಡುಗೆಮನೆಯ ಸಿಂಕಿನ ಕೆಳಗೆ, ಬಾತ್‌ರೂಮಿನ ಗೋಡೆಗೆ ಒರಗುವಲ್ಲಿ ಐಎಸ್ 710 ಗುರುತಿನ ಪ್ಲೈ. ಅದರ ಅಂಟು 72 ಗಂಟೆ ಕುದಿಸುವ ಪರೀಕ್ಷೆ ದಾಟಿರಬೇಕು. ಒಣ ಜಾಗಕ್ಕೆ ಐಎಸ್ 303ರ ಬಿಡಬ್ಲ್ಯುಆರ್ (ಕುದಿಯುವ ನೀರು ತಡೆಯುವ) ದರ್ಜೆ ಸಾಕು, ಅದಕ್ಕೆ ಕುದಿಸುವ ಪರೀಕ್ಷೆ 8 ಗಂಟೆಯದು. ಶೀಟಿನ ಮೇಲೆ ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಹಾಕಿ ನೋಡಿದರೆ ಕಂಪನಿಯ ಹೆಸರು ಬರುತ್ತದೆ. ಶೀಟುಗಳು ವರ್ಕ್‌ಶಾಪಿಗೆ ಬಂದ ದಿನ, ಕತ್ತರಿಸುವ ಮೊದಲು ಹೋಗಿ ನೋಡಿ. ಲ್ಯಾಮಿನೇಟ್ ಅಂಟಿಸಿದ ಮೇಲೆ ಒಳಗೆ ಏನಿದೆ ಅಂತ ದೇವರಿಗೇ ಗೊತ್ತು. ಹೊರಗೋಡೆಗೆ ಒರಗುವ ವಾರ್ಡ್‌ರೋಬ್ ಆದರೆ ಗೋಡೆಯಿಂದ ಒಂದು ಇಂಚು ಬಿಡಿ, ಹಿಂದಿನ ಪ್ಯಾನಲಿಗೆ ಎರಡೂ ಬದಿ ಲ್ಯಾಮಿನೇಟ್ ಹಾಕಿಸಿ. ಮಳೆಗಾಲದಲ್ಲಿ ಆ ಗೋಡೆ ಬೆವರುತ್ತದೆ, ಬಟ್ಟೆಗೆ ಬೂಷ್ಟು ಹಿಡಿಯುವುದು ಅಲ್ಲಿಂದಲೇ.

ಸಾಮಾನು ಮನೆಯೊಳಗೆ ಹೋಗುತ್ತದಾ ಅಂತ ಮೊದಲೇ ನೋಡುವವರು ಕಡಿಮೆ. ಲಿಫ್ಟಿನ ಒಳ ಎತ್ತರ, ಬಾಗಿಲ ಅಗಲ, ಮೆಟ್ಟಿಲು ತಿರುಗುವ ಜಾಗ ಇವೂ ಅಳತೆ ಹಾಳೆಯಲ್ಲಿ ಇರಬೇಕು. ಮಾಟುಂಗಾ, ದಾದರ್ ಕಡೆಯ ಹಳೆ ಕಟ್ಟಡಗಳಲ್ಲಿ ಏಳಡಿಯ ಸೋಫಾ ಮೆಟ್ಟಿಲು ತಿರುಗದೆ, ಹಗ್ಗ ಕಟ್ಟಿ ಕಿಟಕಿಯಿಂದ ಎತ್ತಿದ್ದನ್ನು ನೋಡಿದ್ದೇನೆ. ಎರಡು ಭಾಗವಾಗಿ ಮಾಡಿಸಿದ್ದರೆ ಆ ಆತಂಕವೇ ಇರುತ್ತಿರಲಿಲ್ಲ. ಸೊಸೈಟಿಯ ನಿಯಮ ಕೇಳಿಕೊಳ್ಳಿ. ಕೆಲಸದ ಸಮಯ, ಡೆಪಾಸಿಟ್, ಮಧ್ಯಾಹ್ನ ಡ್ರಿಲ್ ಹೊಡೆಯಬಹುದಾ, ಭಾನುವಾರ ಬಿಡುತ್ತಾರಾ ಅನ್ನುವುದು ಒಂದೊಂದು ಕಡೆ ಒಂದೊಂದು ಥರ. ಫಿಟ್ಟಿಂಗಿಗೆ ಮೂರು ದಿನ ಸಾಕು ಅಂತ ವರ್ಕ್‌ಶಾಪ್ ಹೇಳಿದ್ದು ಸೊಸೈಟಿಯಲ್ಲಿ ಆರು ದಿನ ಆಗುವುದು ಹೀಗೇ.

ಈಗ ದುಡ್ಡು. 70% ಕೊಡಬೇಡಿ. ಅವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಪ್ಲೈ, ಹಾರ್ಡ್‌ವೇರ್ ಎಲ್ಲ ಮೊದಲೇ ಕೊಳ್ಳಬೇಕು, ಮುಂಗಡ ಕೇಳುವುದು ನ್ಯಾಯವೇ. ಆದರೆ ಎಪ್ಪತ್ತು ಕೈಸೇರಿದ ಮೇಲೆ ನಿಮ್ಮ ಫೋನ್ ಎತ್ತಲು ಅವರಿಗೆ ಅವಸರ ಇರುವುದಿಲ್ಲ. ಶಾಪ್ ಡ್ರಾಯಿಂಗಿಗೆ ಸಹಿ ಆದಾಗ 40, ಬಾಕ್ಸ್‌ಗಳು ತಯಾರಾಗಿ ನೀವು ಹೋಗಿ ನೋಡಿದಾಗ 30, ಗಾಡಿ ಹೊರಡುವ ಮುಂಚೆ 20, ಫಿಟ್ಟಿಂಗ್ ಮುಗಿದು ಸಣ್ಣಪುಟ್ಟ ರಿಪೇರಿ ಆದ ಮೇಲೆ 10. ನಾನು ಹೀಗೆ ಮಾತಾಡುತ್ತೇನೆ. ಒಪ್ಪದಿದ್ದರೆ ಪ್ಲೈ ಅಂಗಡಿಗೆ ನೇರ ನೀವೇ ದುಡ್ಡು ಕೊಡಿ, ಉಳಿದದ್ದಕ್ಕೆ ಹಂತ ಮಾಡಿಕೊಳ್ಳಿ. ಮರದ ಫರ್ನಿಚರಿಗೆ ಜಿಎಸ್‌ಟಿ 18%. ಹೇಳಿದ ದರದಲ್ಲಿ ಅದು ಸೇರಿದೆಯಾ ಅಂತ ಮೊದಲ ದಿನವೇ ಕೇಳಿ. ಚದರ ಅಡಿ ದರ ಹೇಳಿದರೆ ಅದು ಮುಂಭಾಗದ ಚದರ ಅಡಿಯಾ, ಲಾಫ್ಟ್ ಸೇರಿದೆಯಾ, ಒಳಗಿನ ಡ್ರಾಯರ್‌ಗಳಿಗೆ ಬೇರೆಯಾ, ಹಿಂಜ್ ಯಾವ ಕಂಪನಿಯದು ಅಂತ ಬರೆಸಿಕೊಳ್ಳಿ. ಆರಡಿ ಅಗಲ, ಏಳಡಿ ಎತ್ತರದ ವಾರ್ಡ್‌ರೋಬ್ 42 ಚದರ ಅಡಿ. ಇಬ್ಬರು ಒಂದೇ ದರ ಹೇಳಿದರೂ ಕೊನೆಯ ಬಿಲ್ಲು ಬೇರೆ ಬೇರೆ ಬರುವುದು ಇವುಗಳಿಂದಲೇ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇವತ್ತಲ್ಲ ನಾಳೆ ಯಾವುದೋ ವರ್ಕ್‌ಶಾಪ್ ನಿಮಗೆ ಕಮಿಷನ್ ಕೊಡುತ್ತೇನೆ ಅನ್ನುತ್ತದೆ. ಕ್ಲೈಂಟಿಗೆ ಗೊತ್ತಿಲ್ಲದೆ ತಗೊಳ್ಳಬೇಡಿ. ನಿಮ್ಮ ಫೀಯನ್ನು ಬಾಯಿಬಿಟ್ಟು ಕೇಳಿ, ಕಡಿಮೆ ಅನಿಸಿದರೆ ಜಾಸ್ತಿ ಕೇಳಿ. ಅವರ ದುಡ್ಡು ತಗೊಂಡ ಕೈ ಬಾಗಿದ ಶಟರನ್ನು ತೋರಿಸಿ ‘ಇದು ಬೇಡ, ವಾಪಸ್ ಒಯ್ಯಿ’ ಅನ್ನಲಾರದು. ಕ್ಲೈಂಟ್ ನಿಮ್ಮನ್ನು ಇಟ್ಟುಕೊಂಡದ್ದೇ ಆ ಮಾತು ಹೇಳಲಿ ಅಂತ.

ಸಮಯದ ಲೆಕ್ಕದಲ್ಲಿ ಹಬ್ಬಗಳನ್ನು ಸೇರಿಸಿ. ಇಲ್ಲಿನ ಬಹಳಷ್ಟು ಕಾರೀಗರರು ಉತ್ತರ ಪ್ರದೇಶ, ಬಿಹಾರ, ರಾಜಸ್ಥಾನದವರು. ಹೋಳಿ ಹಬ್ಬಕ್ಕೆ, ದೀಪಾವಳಿಗೆ, ಆಮೇಲೆ ಬರುವ ಛಠ್ ಹಬ್ಬಕ್ಕೆ ಊರಿಗೆ ಹೋಗುತ್ತಾರೆ. ಸೆಪ್ಟೆಂಬರ್ 17ರ ಹೊತ್ತಿಗೆ ವಿಶ್ವಕರ್ಮ ಪೂಜೆ, ಆ ದಿನ ಮೆಷಿನ್ ಮುಟ್ಟುವುದಿಲ್ಲ. ದಸರಾಕ್ಕೆ ಗೃಹಪ್ರವೇಶ ಅಂತ ಎಲ್ಲ ಕ್ಲೈಂಟ್‌ಗಳೂ ಒಂದೇ ತಾರೀಖು ಹಿಡಿಯುತ್ತಾರೆ, ಹಾಗಾಗಿ ಆಗಸ್ಟಿನಲ್ಲಿ ಕೊಟ್ಟ ಕೆಲಸ ಸಾಲಿನಲ್ಲಿ ನಿಲ್ಲುತ್ತದೆ. ಪಿಯು (ಪಾಲಿಯುರೆಥೇನ್) ಪಾಲಿಶ್ ಇರುವ ಸಾಮಾನನ್ನು ಜುಲೈಗೆ ಇಟ್ಟುಕೊಳ್ಳಬೇಡಿ. ಗಾಳಿಯ ತೇವಕ್ಕೆ ಗುಳ್ಳೆ ಏಳುತ್ತದೆ, ಮೇಲೆ ಬಿಳಿ ಮಂಜು ಕೂತಂತೆ ಆಗುತ್ತದೆ.

ಕೊನೆಗೆ ಕುಂದಾಪುರದ ಬಾಗಿಲು. ಈ ಕೆಲಸ ಖಂಡಿತ ಹಿಡಿಯಿರಿ. ಹಳೆ ಸಾಗುವಾನಿ ದಶಕಗಳ ಕಾಲ ಒಣಗಿದ್ದು, ಅಂಥ ಮರ ಈಗ ದುಡ್ಡು ಕೊಟ್ಟರೂ ಸುಲಭವಾಗಿ ಸಿಗುವುದಿಲ್ಲ. ಕರ್ನಾಟಕದಲ್ಲಿ ಸಾಗುವಾನಿ ಸಾಗಿಸಲು ಅರಣ್ಯ ಇಲಾಖೆಯ ಪಾಸ್ ಬೇಕು. ಹಳೆ ಬಾಗಿಲಿಗೂ ದಾರಿಯಲ್ಲಿ ಪ್ರಶ್ನೆ ಬರಬಹುದು. ಲಾರಿ ಹತ್ತಿಸುವ ಮೊದಲು ಕ್ಲೈಂಟ್ ಕುಂದಾಪುರದ ಅರಣ್ಯ ಕಚೇರಿಯಲ್ಲಿ ವಿಚಾರಿಸಲಿ. ಬಾಗಿಲು ಮನೆಯಲ್ಲಿ ಇದ್ದಾಗಿನ ಫೋಟೋ ಕೂಡ ಇಟ್ಟುಕೊಂಡಿರಲಿ.

ಎಲ್ಲ ವರ್ಕ್‌ಶಾಪೂ ಹಳೆ ಮರ ಮುಟ್ಟುವುದಿಲ್ಲ. ಒಳಗೆ ಮುರಿದು ಉಳಿದ ಒಂದು ಮೊಳೆ ಸಾಕು, ಮರ ಹೆರೆಯುವ ಪ್ಲೇನರ್ ಮೆಷಿನ್ನಿನ ಬ್ಲೇಡು ಹೋಗುತ್ತದೆ, ಕೆಲಸ ಮಾಡುವವನಿಗೂ ಪೆಟ್ಟಾಗಬಹುದು. ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರ್ ಇಟ್ಟುಕೊಂಡು ಗಟ್ಟಿಮರದ ಕೆಲಸ ಮಾಡುವವರನ್ನೇ ಹುಡುಕಿ. ಕಿಚನ್ ಮಾಡುವವರೇ ಇದನ್ನೂ ಮಾಡಬೇಕು ಅಂತೇನಿಲ್ಲ. ಚೌಕಟ್ಟಿನ ದಪ್ಪ ಮರ ಕಾಲುಗಳಿಗೆ ಬರುತ್ತದೆ. ದಪ್ಪ ಹಲಗೆಯ ಬಾಗಿಲಾದರೆ ಮೇಲ್ಭಾಗಕ್ಕೆ ಹಲಗೆ ಸಿಗುತ್ತದೆ. ನಡುವೆ ತೆಳು ಪ್ಯಾನಲ್ ಕೂರಿಸಿದ ಬಾಗಿಲಾದರೆ ಸಾಲದು, ಬೇರೆ ಸಾಗುವಾನಿ ಸೇರಿಸಬೇಕಾಗುತ್ತದೆ. ಇದನ್ನು ಕ್ಲೈಂಟಿಗೆ ಈಗಲೇ ಹೇಳಿ. ಕೆತ್ತನೆ ಇರುವ ಭಾಗವಿದ್ದರೆ ರಂದಾ ಹೊಡೆಸಬೇಡಿ (ಹೆರೆಸಬೇಡಿ), ಗೋಡೆಗೋ ದೇವರ ಕೋಣೆಗೋ ಹಾಗೇ ಬಳಸಿ.

ಟೇಬಲಿನ ಹಲಗೆಯನ್ನು ಪ್ಲೈಗೆ ಅಂಟಿಸಿ ಬಿಗಿಯಬೇಡಿ ಅಂತ ವರ್ಕ್‌ಶಾಪಿಗೆ ಬರೆದುಕೊಡಿ. ಮರ ಮಳೆಗಾಲದಲ್ಲಿ ಅಡ್ಡಕ್ಕೆ ಹಿಗ್ಗುತ್ತದೆ, ಎಸಿ ಹಾಕಿದಾಗ ಕುಗ್ಗುತ್ತದೆ. ಕೆಳಗಿನ ಫ್ರೇಮಿಗೆ ಉದ್ದನೆಯ ತೂತು ಮಾಡಿ ಸ್ಕ್ರೂ ಹಾಕಿದರೆ ಹಲಗೆಗೆ ಸರಿದಾಡಲು ಜಾಗ ಇರುತ್ತದೆ, ಸೀಳುವುದಿಲ್ಲ. ಎತ್ತರ ಮಾಮೂಲಿನಂತೆ 750 ಮಿಲಿಮೀಟರ್. ಉದ್ದ, ಅಗಲ ಮಾತ್ರ ಈಗಲೇ ಒಪ್ಪಿಕೊಳ್ಳಬೇಡಿ. ಬಾಗಿಲುಗಳು ಬಂದು, ಮೊಳೆ ಕಿತ್ತು, ಹುಳ ಹಿಡಿದ ಅಂಚು ತೆಗೆದು, ರಂದಾ ಹೊಡೆದ ಮೇಲೆ ಉಳಿದ ಹಲಗೆಗಳನ್ನು ನೆಲದ ಮೇಲೆ ಜೋಡಿಸಿ ಕ್ಲೈಂಟನ್ನು ವರ್ಕ್‌ಶಾಪಿಗೇ ಕರೆದುಕೊಂಡು ಹೋಗಿ. ಟೇಬಲಿನ ಡ್ರಾಯಿಂಗ್ ಅವತ್ತು ಅಲ್ಲೇ ಮಾಡಿ.